ಕೆಳಗಿನ ಸಾಲಿನ ಬಣ್ಣಗಳು

ತಪ್ಪು ನನ್ನದು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬಂದು ನನ್ನ ಮೇಲೆ ಗೂಬೆ ಕೂರಿಸುವುದು ಬೇಡ. ಶನಿವಾರ ಮಧ್ಯಾಹ್ನ ನಮ್ಮನೆಯವರು ಕ್ಷೌರಕ್ಕೆ ಹೋಗಿದ್ದಾಗ ಅವರ ಬಣ್ಣದ ಡಬ್ಬಿಯನ್ನು ತೊಳೆದಿಟ್ಟವಳು ನಾನೇ. ತೊಳೆ ಎಂದು ಯಾರೂ ಹೇಳಿರಲಿಲ್ಲ. ಮರುದಿನ ಅವರಿಗೆ ದೊಡ್ಡ ದಿನ. ಗಂಡ ಅಷ್ಟು ಹೊಲಸು ಡಬ್ಬಿಯನ್ನು ನೂರು ಜನರ ಎದುರು ಬಿಚ್ಚಿಕೊಂಡು ಕೂತರೆ ಮರ್ಯಾದೆ ಹೋಗುವುದು ಯಾರದು? ಹೆಂಡತಿಯದೇ ತಾನೇ.

ಡಬ್ಬಿ ಅಂದರೆ ತಗಡಿನದು, ಕನ್ನಡಕದ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಒಳಗೆ ಎರಡು ಸಾಲು, ಸಾಲಿಗೆ ಎಂಟರಂತೆ ಹದಿನಾರು ಪುಟ್ಟ ಬಿಳಿ ಬಟ್ಟಲು. ಟ್ಯೂಬಿನಿಂದ ಬಣ್ಣ ಹಿಂಡಿ ಬಟ್ಟಲು ತುಂಬಿಸಿ ಒಣಗಲು ಬಿಡುತ್ತಾರೆ. ಒಣಗಿದ ಮೇಲೆ ಕೆಂಪೋ ಹಸಿರೋ ಎಲ್ಲವೂ ಇದ್ದಿಲ ಚೂರಿನ ಹಾಗೆ ಕಾಣುತ್ತವೆ. ಒದ್ದೆ ಬ್ರಶ್ ಉಜ್ಜಿದರೆ ಮಾತ್ರ ಯಾವುದು ಏನು ಎಂದು ಗೊತ್ತಾಗುವುದು. ನಾನು ಬಟ್ಟಲುಗಳನ್ನೆಲ್ಲ ಕಿತ್ತು, ತಗಡನ್ನು ಉಜ್ಜಿ ಬೆಳಗಿ, ಒದ್ದೆ ಬೆರಳಿನಿಂದ ಒಂದೊಂದನ್ನೇ ಮುಟ್ಟಿ ನೋಡುತ್ತಾ ಮತ್ತೆ ಜೋಡಿಸಲು ಕೂತೆ. ಮೇಲಿನ ಸಾಲು ಸರಿಯಾಗಿತ್ತು. ಹಳದಿಗಳು ಒಂದು ಕಡೆ, ನೀಲಿಗಳು ಒಂದು ಕಡೆ. ಅದನ್ನು ಇದ್ದ ಹಾಗೇ ಇಟ್ಟೆ. ಕೆಳಗಿನ ಸಾಲು ನೋಡಿ ಪಿತ್ತ ನೆತ್ತಿಗೇರಿತು. ಕಂದಿನ ಪಕ್ಕ ಹಸಿರು, ಹಸಿರಿನ ಪಕ್ಕ ಕೆಂಪು, ಮತ್ತೆ ಕಂದು, ಮತ್ತೆ ಕೆಂಪು. ತಲೆಬುಡವಿಲ್ಲ.

ನಾನು ಮೂವತ್ತೆರಡು ವರ್ಷದಿಂದ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ದಾರದ ಕೌಂಟರಿನಲ್ಲಿ ನಿಂತವಳು. ಬಟ್ಟೆಯ ಚೂರು ತಂದು ಮುಂದಿಟ್ಟರೆ ನಾನೂರು ಉರುಳೆಗಳಲ್ಲಿ ಸರಿಯಾದದ್ದನ್ನು ಒಂದೇ ಏಟಿಗೆ ಕೈಗೆ ತೆಗೆದುಕೊಡುತ್ತೇನೆ. ಅಂಥವಳ ಮನೆಯಲ್ಲಿ ಇಂಥ ಸಾಲೇ? ಕೆಂಪು ಮೂರು ಒಟ್ಟಿಗೆ, ಕಂದು ಮೂರು ಒಟ್ಟಿಗೆ, ಬಲಗಡೆಯ ಕೊನೆಗೆ ಹಸಿರು ಎರಡು. ಮುಚ್ಚಳ ಹಾಕಿ ಅವರ ಚೀಲದಲ್ಲಿಟ್ಟೆ. ನನ್ನ ಬೆನ್ನು ನಾನೇ ತಟ್ಟಿಕೊಳ್ಳುವುದೊಂದು ಬಾಕಿ.

ಈಗ ಅವರ ವಿಷಯ. ನಮ್ಮನೆಯವರಿಗೆ ಅರವತ್ತೊಂದು. ಚಿಕ್ಕವರಿದ್ದಾಗ ರೈಲಿನ ಎಂಜಿನ್ ಓಡಿಸಬೇಕೆಂಬ ಆಸೆಯಿತ್ತಂತೆ. ಬರೆಯುವ ಪರೀಕ್ಷೆ ಪಾಸಾಗಿ ಡಾಕ್ಟರ ತಪಾಸಣೆಯಲ್ಲಿ ಬಿದ್ದುಹೋದರು. "ಕಣ್ಣು ಸ್ವಲ್ಪ ಮಂದ ಕಣಮ್ಮ" ಎಂದು ನಮ್ಮತ್ತೆ ನನಗೆ ಹೇಳಿದ್ದರು. ಕನ್ನಡಕದಲ್ಲಿ ಮುಗಿಯುವ ಮಾತು ಅಂದುಕೊಂಡು ನಾನೂ ಬಿಟ್ಟುಬಿಟ್ಟೆ. ಆಮೇಲೆ ಅವರು ಫೋಟೋ ಸ್ಟುಡಿಯೋ ಸೇರಿದರು. ಫೋಟೋ ತೆಗೆಯುವ ಕೆಲಸವಲ್ಲ, ಹಿಂದಿನ ಕತ್ತಲೆ ಕೋಣೆಯಲ್ಲಿ ತೊಳೆಯುವ ಕೆಲಸ. ಕಪ್ಪು ಬಿಳುಪಿನ ಕಾಲ. ಕಿಟಕಿಯಿಲ್ಲದ ಕೋಣೆ, ಮೂಲೆಯಲ್ಲಿ ಒಂದು ಕೆಂಪು ದೀಪ, ಮೂರು ತಟ್ಟೆಗಳಲ್ಲಿ ಔಷಧಿ ನೀರು. ಕೆನ್ನೆಯ ಮೇಲಿನ ಬೆಳಕು ಎಷ್ಟಿರಬೇಕು, ಗದ್ದದ ಕೆಳಗಿನ ನೆರಳು ಎಷ್ಟು ಕಪ್ಪಾಗಬೇಕು ಅನ್ನುವುದರಲ್ಲಿ ಈ ಮನುಷ್ಯನನ್ನು ಮೀರಿಸುವವರಿರಲಿಲ್ಲ. ಒಮ್ಮೆ ಇವರು ಮೂರು ದಿನ ಕೂತು ಮುದ್ರಿಸಿದ ಒಬ್ಬ ಮುದುಕಿಯ ಪಟಕ್ಕೆ ಎಲ್ಲೋ ಪದಕ ಬಂತು. ಪಟದ ಹಿಂದೆ ಸ್ಟುಡಿಯೋ ಯಜಮಾನನ ಮೊಹರು, ಪದಕದ ಮೇಲೆ ಯಜಮಾನನ ಹೆಸರು. ನಮ್ಮವರು ತುಟಿ ಪಿಟಿಕ್ಕೆನ್ನಲಿಲ್ಲ. ಆದರೆ ಸ್ಟುಡಿಯೋ ಮುಂದಿನ ಗಾಜಿನಲ್ಲಿ ಆ ಪಟ ತೂಗುಹಾಕಿದ್ದಷ್ಟು ದಿನವೂ ಇವರು ಕೆಲಸಕ್ಕೆ ಹಿಂಬಾಗಿಲಿನಿಂದ ಹೋದರು. ಅದು ನನಗೆ ಗೊತ್ತು.

ಬಣ್ಣದ ಫೋಟೋ ಬಂತು, ಅದನ್ನು ತೊಳೆಯುವ ಯಂತ್ರ ಬಂತು, ಕತ್ತಲೆ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆ ತುಂಬಿದರು. ಇವರನ್ನು ಮುಂದೆ ಕೂರಿಸಿ ಪಾಸ್‌ಪೋರ್ಟ್ ಫೋಟೋ ಕತ್ತರಿಸಲು ಹಚ್ಚಿದರು. ಯಂತ್ರದ ಹತ್ತಿರ ಯಾಕೆ ಬಿಡಲಿಲ್ಲ ಎಂದು ನಾನು ಕೇಳಿದ್ದೆ. "ನಂಗೆ ಬೇಡ ಅನ್ನಿಸ್ತು" ಅಂದಿದ್ದರು. ಇವರ ಉತ್ತರಗಳೇ ಹಾಗೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಎರಡು ಅಂಗಿ ಹಿಡಿದು ಯಾವುದು ತಗೊಳ್ಳಲಿ ಅಂದರೆ "ನಿನ್ನ ಕಣ್ಣಿಗೆ ಯಾವುದು ಚೆನ್ನಾಗಿದ್ಯೋ ಅದು". ಟೊಮೆಟೊ ತನ್ನಿ ಎಂದು ಕಳಿಸಿದರೆ ಅರ್ಧ ಹಣ್ಣು, ಅರ್ಧ ಹಸಿಕಾಯಿ. "ಕಣ್ಣೇನು ಕಿಸೆಯಲ್ಲಿ ಇಟ್ಕೊಂಡು ಹೋಗಿದ್ರಾ?" ಎಂದು ಮೂವತ್ತು ವರ್ಷ ಬೈದಿದ್ದೇನೆ. ಮನುಷ್ಯ ನಗುತ್ತಿದ್ದರು, ಅಷ್ಟೇ.

ಐವತ್ತಾರನೆಯ ವಯಸ್ಸಿನಲ್ಲಿ ಜಲವರ್ಣ ಹಿಡಿದರು. ಭಾನುವಾರ ಬೆಳಿಗ್ಗೆ ಮಡಚುವ ಸ್ಟೂಲು ಹೊತ್ತು ಬೀದಿಬೀದಿಯಲ್ಲಿ ಕೂತು ಊರನ್ನು ಬರೆಯುವ ಒಂದು ಗುಂಪಿದೆ. ಬಸ್ ನಿಲ್ದಾಣ, ಲಾಂಡ್ರಿ, ಸೇತುವೆಯ ಕೆಳಗಿನ ಟೈರ್ ಅಂಗಡಿ, ಕಂಡದ್ದೆಲ್ಲ ಅವರಿಗೆ ಚಿತ್ರ. ಗುಂಪಿನ ಚಿಕ್ಕವರು ಇವರಿಗೆ ಇಟ್ಟ ಹೆಸರು ನೆರಳಪ್ಪ. ಯಾಕೆಂದರೆ ಕೂತ ತಕ್ಷಣ ಪೆನ್ಸಿಲಿನಿಂದ ಮೊದಲು ನೆರಳುಗಳ ಅಂಚು ಗುರುತು ಮಾಡಿಕೊಳ್ಳುತ್ತಾರೆ, ಬಿಸಿಲು ಯಾರಿಗೂ ಕಾಯುವುದಿಲ್ಲವಲ್ಲ. ಗೋಡೆ, ಮರ, ಜನ ಎಲ್ಲ ಮುಗಿದು ಒಣಗಿದ ಮೇಲೆ, ಬೆಳಿಗ್ಗೆಯ ಆ ನೆರಳನ್ನು ಕೊನೆಗೆ ಒಂದೇ ಉಸಿರಿಗೆ ಎಳೆಯುತ್ತಾರೆ. ಅದು ಬಿದ್ದ ಕೂಡಲೇ ಅಲ್ಲಿಯವರೆಗೆ ಬಿಡಿಬಿಡಿಯಾಗಿದ್ದ ಬೀದಿ ಎದ್ದು ನಿಲ್ಲುತ್ತದೆ. ನನಗೆ ಚಿತ್ರ ತಿಳಿಯದು, ಅಷ್ಟು ಮಾತ್ರ ತಿಳಿಯುತ್ತದೆ.

ಊರಿನ ಕಲಾಭವನದವರು ವರ್ಷಕ್ಕೊಮ್ಮೆ ಬಯಲಲ್ಲಿ ಬರೆಯುವ ಸ್ಪರ್ಧೆ ಇಡುತ್ತಾರೆ. ಹದಿನೈದು ಜನರನ್ನು ಆರಿಸಿ ನಾಲ್ಕು ರಸ್ತೆ ಸೇರುವ ಒಂದೇ ಜಾಗದಲ್ಲಿ ಕೂರಿಸುತ್ತಾರೆ. ಗೆದ್ದವರ ಚಿತ್ರಗಳಿಗೆ ಭವನದ ದೊಡ್ಡ ಗೋಡೆ, ಒಂದು ತಿಂಗಳು, ಮೇಲೆ ಅವರ ಹೆಸರು. ಇವರು ಮೂರು ವರ್ಷ ಅರ್ಜಿ ಹಾಕಿ ಮೂರು ವರ್ಷವೂ 'ಹವ್ಯಾಸಿ' ಎಂಬ ಚೀಟಿ ವಾಪಸು ಪಡೆದವರು. ಈ ಸಲ ಆರಿಸಿದ್ದರು. ಆ ಕಾಗದ ಬಂದ ದಿನ ಅದನ್ನು ಅವರು ನಾಲ್ಕು ಸಲ ಮಡಚಿ ನಾಲ್ಕು ಸಲ ಬಿಡಿಸಿದರು. "ಗೋಡೆ ಸಿಕ್ಕಿದ್ರೆ ಮುಂಬಾಗಿಲಿನಿಂದ ಹೋಗ್ತೀನಿ ಕಣೇ" ಅಂದರು. ಅದಕ್ಕೇ ಡಬ್ಬಿ ತೊಳೆದದ್ದು, ಸಾಕಾ?

ಭಾನುವಾರ ಹತ್ತು ಗಂಟೆಗೆ ಅಲ್ಲಿದ್ದೆವು. ಹಗ್ಗ ಕಟ್ಟಿದ್ದರು. ಹಾಳೆಗಳ ಹಿಂದೆ ಮೊಹರು ಒತ್ತಿ ಹಂಚಿದರು. ಎದೆಗೆ ಬಿಲ್ಲೆ ಚುಚ್ಚಿಕೊಂಡ ಒಬ್ಬ ಮನುಷ್ಯ ನಿಯಮ ಓದಿದ. ಎರಡು ಗಂಟೆಗೆ ಮುಗಿಸಬೇಕು. ಕೆಳಗೆ ಸಹಿ ಹಾಕಬೇಕು. ಹೊರಗಿನವರು ಒಂದು ಮಾತು ಆಡಿದರೂ, ಒಂದು ಸಾಮಾನು ಕೊಟ್ಟರೂ ಆ ಹಾಳೆ ಸ್ಪರ್ಧೆಯಿಂದ ಹೊರಗೆ. ಅವನು ಓದುವಾಗ ನನ್ನ ಕಡೆಯೇ ನೋಡಿದ. ನನ್ನ ಮುಖದಲ್ಲೇ ಏನೋ ಬರೆದಿರಬೇಕು.

ನಮ್ಮವರು ಡಬ್ಬಿ ತೆರೆದರು. ಹೊಳೆಯುವ ತಗಡು ನೋಡಿ ಒಂದು ಕ್ಷಣ ತಡೆದು ತಲೆ ಎತ್ತಿ ನನ್ನನ್ನು ನೋಡಿ ನಕ್ಕರು. ಬಟ್ಟಲುಗಳೆಲ್ಲ ಎಂದಿನಂತೆ ಇದ್ದಿಲ ಚೂರುಗಳು. ನಾನೂ ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ಕೈ ಹಿಸುಕಿಕೊಳ್ಳುವ ಹಾಗಾಗುತ್ತದೆ.

ಎದುರಿಗೆ ಬ್ಯಾಂಕಿನ ಹಳೆಯ ಇಟ್ಟಿಗೆ ಕಟ್ಟಡ, ಕೆಂಪಗೆ ಕಾದು ನಿಂತಿತ್ತು. ಅದರ ಪಕ್ಕ ತುಂಬಿದ ಮರ. ಮುಂದೆ ಸಿಗ್ನಲ್ ಕಂಬ, ಬಸ್ ತಂಗುದಾಣ. ಇವರು ನೆರಳುಗಳನ್ನು ಪೆನ್ಸಿಲಿನಿಂದ ಗುರುತಿಸಿದರು. ಹಾಳೆ ಒದ್ದೆ ಮಾಡಿ ಆಕಾಶ ಹಾಕಿದರು. ತಿಳಿ ನೀಲಿ, ಕೆಳಗೆ ಚೂರು ಹಳದಿ. ಏನು ಚೆಂದ ಅಂತೀರಿ! ಹಿಂದೆ ನಿಂತಿದ್ದವರು ಕೂಡ "ಆಹಾ" ಅಂದರು. ನಾನು ಗರ್ವದಿಂದ ಸೆರಗಿಲ್ಲದಿದ್ದರೂ ಸೆರಗು ಸರಿಮಾಡಿಕೊಳ್ಳುವಂತೆ ಭುಜ ಸವರಿಕೊಂಡೆ.

ಹನ್ನೊಂದೂವರೆಗೆ ಕಟ್ಟಡಕ್ಕೆ ಕೈ ಹಾಕಿದರು. ಕೆಳಗಿನ ಸಾಲು, ಬಲಗಡೆಯಿಂದ ಎರಡನೆಯ ಬಟ್ಟಲು. ನೋಡದೆಯೇ ಬ್ರಶ್ ಅಲ್ಲಿಗೆ ಹೋಯಿತು, ನಮ್ಮ ಕೈ ಕತ್ತಲಲ್ಲಿ ದೀಪದ ಸ್ವಿಚ್ಚಿಗೆ ಹೋಗುವ ಹಾಗೆ. ಗೋಡೆ ಹಸಿರಾಯಿತು.

ನಾನು ಕಣ್ಣುಜ್ಜಿಕೊಂಡೆ. ಇರಲಿ, ಈಗಿನ ಕಲೆ ಅಂದರೆ ಹೀಗೇ ಇರಬೇಕು, ಇದ್ದದ್ದನ್ನು ಇದ್ದ ಹಾಗೆ ಬರೆದರೆ ಗೋಡೆ ಯಾರು ಕೊಡುತ್ತಾರೆ ಅಂದುಕೊಂಡೆ. ಇವರು ಹುಬ್ಬು ಗಂಟಿಕ್ಕಿದ್ದರು. ನೀರು ಸೇರಿಸುತ್ತಾರೆ, ಮತ್ತೆ ಬಣ್ಣ ಸೇರಿಸುತ್ತಾರೆ. ಬಟ್ಟಲು ಹೇಳಿದ ಮಾತು ಕೇಳುತ್ತಿಲ್ಲ ಅನ್ನುವ ಹಾಗೆ ಬ್ರಶ್ಶಿನಿಂದ ಅದನ್ನು ಕುಟ್ಟಿದರು. ಆದರೂ ಬಿಸಿಲು ಬಿದ್ದ ಮೂಲೆ, ಕಿಟಕಿಯ ಒಳಗಿನ ಕಪ್ಪು, ಎಲ್ಲವೂ ತೂಕ ಹಾಕಿದ ಹಾಗೆ ಕೂತಿದ್ದವು. ಬಣ್ಣವೊಂದು ಬೇರೆ.

ಆಮೇಲೆ ಮರ. ಎಡದಿಂದ ಎರಡನೆಯ ಬಟ್ಟಲು. ಮರ ಪೂರ್ತಿ ರಕ್ತಗೆಂಪಾಯಿತು. ನನ್ನ ಪಕ್ಕ ನಿಂತಿದ್ದ ಹೆಂಗಸು ಗಂಡನಿಗೆ, "ನೋಡ್ರೀ ಆ ಅಜ್ಜನ ಧೈರ್ಯ" ಅಂದಳು. ಹಸಿರು ಕೊನೆಯಲ್ಲಿ ಇಟ್ಟವಳು ನಾನು. ಕೆಂಪು ಮೊದಲಿಗೆ ಇಟ್ಟವಳೂ ನಾನು.

ಸಿಗ್ನಲ್ ಕೆಂಪಾಗಿ ವಾಹನಗಳು ನಿಂತವು. ಇವರು ಸಣ್ಣ ಬ್ರಶ್ ತೆಗೆದುಕೊಂಡು ಎದುರಿನ ಕಂಬ ನೋಡಿದರು, ಹಾಳೆ ನೋಡಿದರು, ಮತ್ತೆ ಅದೇ ಬಲಗಡೆಯ ಎರಡನೆಯ ಬಟ್ಟಲು ಮುಟ್ಟಿದರು. ಮೂರು ದೀಪಗಳಲ್ಲಿ ಮೇಲಿನದಕ್ಕೆ, ಒಂದು ಮಚ್ಚೆಯಷ್ಟು, ಬಲು ಜೋಪಾನವಾಗಿ ಹಚ್ಚ ಹಸಿರು ಇಟ್ಟರು. ಇಟ್ಟು, ತಲೆ ಓರೆ ಮಾಡಿ, ಸರಿಯಾಯಿತು ಎಂಬಂತೆ ಗೋಣಾಡಿಸಿದರು.

ಧೈರ್ಯಕ್ಕೆ ಹಾಗೆ ಮಾಡುವವರ ಮುಖ ಅದಲ್ಲ. ಕೆಂಪು ದೀಪವನ್ನು ಕೆಂಪು ಎಂದು ನಂಬಿಯೇ ಇಟ್ಟ ಮುಖ. ಟೊಮೆಟೊ, ಅಂಗಿ, ಯಂತ್ರ, ರೈಲು, ಮಂದ ಕಣ್ಣು, ಮೂವತ್ತು ವರ್ಷದ್ದೆಲ್ಲ ಒಮ್ಮೆಲೇ ಮೈಮೇಲೆ ಬಿತ್ತು. ಈ ಮನುಷ್ಯನಿಗೆ ಕೆಂಪು ಹಸಿರು ಗೊತ್ತಾಗುವುದಿಲ್ಲ. ಇವರು ಬಣ್ಣ ನೋಡಿ ಬರೆಯುವವರಲ್ಲ, ಜಾಗ ಎಣಿಸಿ ಬರೆಯುವವರು. ಆ ಜಾಗಗಳನ್ನು ನಾನು ಕದಲಿಸಿಬಿಟ್ಟಿದ್ದೇನೆ.

ಅಯ್ಯೋ, ಏನು ಮಾಡಲಿ? ಬಾಯಿ ಬಿಟ್ಟರೆ ಹಾಳೆ ಹೊರಗೆ, ಮುಚ್ಚಿಕೊಂಡರೆ ಹಾಳೆ ಹಾಳು. ಗಂಟೆ ಒಂದು ಹತ್ತು. ಚಹಾದ ಫ್ಲಾಸ್ಕ್ ಎತ್ತಿಕೊಂಡು ಹಗ್ಗದ ಹತ್ತಿರ ಹೋದೆ. ಬಿಲ್ಲೆಯವನು ಅಡ್ಡ ಬಂದ.

"ಅಮ್ಮ, ಒಳಗೆ ಬಿಡಂಗಿಲ್ಲ."

"ಸಕ್ಕರೆ ಕಾಯಿಲೆ ಕಣಪ್ಪ ಅವರಿಗೆ, ಒಂದು ಗುಟುಕು ಕುಡಿದ್ರೆ..."

"ನಾನೇ ಕೊಡ್ತೀನಿ, ಕೊಡಿ."

ಸಕ್ಕರೆ ಕಾಯಿಲೆಯೂ ಇಲ್ಲ, ಸುಣ್ಣವೂ ಇಲ್ಲ. ಫ್ಲಾಸ್ಕ್ ಅವನ ಕೈಗೆ ಹೋಯಿತು, ಮಾತು ನನ್ನ ಬಾಯಲ್ಲೇ ಉಳಿಯಿತು. ನಾನು ಜನರನ್ನು ನೂಕಿಕೊಂಡು ರಸ್ತೆ ದಾಟಿ ಸಿಗ್ನಲ್ ಕಂಬದ ಬುಡಕ್ಕೆ ಹೋಗಿ ನಿಂತೆ. ಅವರು ಬರೆಯುವ ಚಿತ್ರದೊಳಗೇ ನಿಂತ ಹಾಗೆ. ಮಾತಾಡಬಾರದು ಎಂದು ನಿಯಮ, ನಿಲ್ಲಬಾರದು ಎಂದು ಯಾವನೂ ಹೇಳಿಲ್ಲ.

ತಲೆ ಎತ್ತಿದವರು ನನ್ನನ್ನು ಕಂಡರು. ದೂರದಿಂದಲೇ ನನ್ನ ಮುಖವನ್ನು ಓದಿದರು. ಸಾವಿರಾರು ಮುಖಗಳನ್ನು ತಟ್ಟೆಯ ನೀರಿನಿಂದ ಎಬ್ಬಿಸಿದ ಮನುಷ್ಯ, ಮುಖ ಓದಲು ಅವರಿಗೆ ಬಣ್ಣ ಬೇಕಿರಲಿಲ್ಲ. ಅವರ ಬ್ರಶ್ ಗಾಳಿಯಲ್ಲೇ ನಿಂತಿತು. ನನ್ನ ಮುಖದಿಂದ ಕೆಳಗೆ ಡಬ್ಬಿಯ ಹೊಳೆಯುವ ತಗಡಿಗೆ ನೋಟ ಇಳಿಯಿತು. ಬ್ರಶ್ಶಿನ ಹಿಂತುದಿಯಿಂದ ಕೆಳಗಿನ ಸಾಲಿನ ಬಟ್ಟಲುಗಳನ್ನು ಒಂದೊಂದಾಗಿ ಮುಟ್ಟಿದರು. ಎಂಟಕ್ಕೆ ಎಂಟು. ಏನೋ ಆಗಿದೆ ಎಂದು ತಿಳಿಯಿತು, ಏನು ಎಂದು ತಿಳಿಯಲು ದಾರಿಯಿಲ್ಲ. ಅವರ ಮುಖದಿಂದ ರಕ್ತ ಇಳಿದುಹೋಯಿತು. ಅಷ್ಟು ದೂರದಿಂದಲೂ ನನಗೆ ಕಾಣಿಸಿತು.

ಎದ್ದುಬಿಡುತ್ತಾರೆ ಅಂದುಕೊಂಡೆ. ಏಳಲಿಲ್ಲ. ನಾನು ಮತ್ತೆ ರಸ್ತೆ ದಾಟಿ ಹಗ್ಗದ ಹತ್ತಿರ, ಅವರ ಬೆನ್ನ ಹಿಂದೆ ಬಂದು ನಿಂತೆ. ಗಡಿಯಾರದಲ್ಲಿ ಒಂದು ಇಪ್ಪತ್ತೈದು. ಆಮೇಲೆ ದೊಡ್ಡ ಬ್ರಶ್ ತೆಗೆದುಕೊಂಡು ಎರಡು ಸಲ ತೊಳೆದು, ಮೇಲಿನ ಸಾಲಿನ ಕಡು ನೀಲಿಯನ್ನು ಮುಚ್ಚಳದ ತುಂಬ ಕಲಸಿದರು. ಮೇಲಿನ ಸಾಲು ಅವರ ಕಣ್ಣಿಗೂ ಗೊತ್ತು. ಹಲಗೆಯನ್ನು ಓರೆ ಮಾಡಿದರು. ನೆರಳು ಎಳೆಯಲು ಶುರು ಮಾಡಿದರು.

ಅದನ್ನು ನಡುವೆ ನಿಲ್ಲಿಸುವ ಹಾಗಿಲ್ಲ. ಬ್ರಶ್ಶಿನ ಕೆಳಗೆ ನೀರಿನ ಒಂದು ದಪ್ಪ ಅಂಚು ನಿಂತಿರುತ್ತದೆ, ಅದನ್ನು ಒಣಗಲು ಬಿಡದೆ ಕೆಳಕ್ಕೆ ಕೆಳಕ್ಕೆ ತರಬೇಕು. ತಡೆದರೆ ಕಲೆ, ಅವಸರಿಸಿದರೆ ಸೋರಿಕೆ. ಬಸ್ಸೊಂದು ಹಾದು ಹಾಳೆ ಅದುರಿತು. ಬ್ಯಾಂಕಿನ ಸೂರಿನ ಕೆಳಗಿನಿಂದ ಹೊರಟ ನೆರಳು ಗೋಡೆ ಇಳಿದು, ಮೆಟ್ಟಿಲು ಮುರಿದು, ತಂಗುದಾಣದ ಕೆಳಗೆ ಗಾಢವಾಗಿ, ರಸ್ತೆಯ ಮೇಲೆ ತೆಳುವಾಗಿ ಹರಡಿ, ಹಾಳೆಯ ಕೊನೆಗೆ ಬಂದು ನಿಂತಿತು. ಇವರು ಬ್ರಶ್ ಕೆಳಗಿಟ್ಟು ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತರು. ಸಹಿ ಹಾಕಲಿಲ್ಲ.

ಎರಡು ಗಂಟೆಗೆ ಹಾಳೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರು. ತೀರ್ಪುಗಾರರು ಮೂವರು. ಅವರಲ್ಲಿ ಹಿರಿಯರು ಬಿಳಿ ಕೂದಲನ್ನು ಮೋಟಾಗಿ ಕತ್ತರಿಸಿಕೊಂಡ ಒಬ್ಬ ಮುದುಕಿ, ಐವತ್ತು ವರ್ಷ ಚಿತ್ರ ಬರೆದವರು. ಎಲ್ಲರೂ ಅವರನ್ನು ದೊಡ್ಡಮ್ಮ ಅನ್ನುತ್ತಿದ್ದರು. ಹದಿನಾಲ್ಕು ಹಾಳೆಗಳ ಮುಂದೆ ಕೋಲೂರಿಕೊಂಡು ಸರಸರ ನಡೆದವರು ಇವರದರ ಮುಂದೆ ನಿಂತೇಬಿಟ್ಟರು. ಉಳಿದಿಬ್ಬರೂ ಬಂದರು. ಪಿಸುಪಿಸು ಮಾತು. ಬಿಲ್ಲೆಯವನು ಮೈಕ್ ತಂದು ಕೊಟ್ಟ. ಜನ ಒತ್ತಿಕೊಂಡು ಬಂದರು.

"ಹಸಿರು ಗೋಡೆ, ಕೆಂಪು ಮರ" ಅಂದರು ದೊಡ್ಡಮ್ಮ. "ಕಣ್ಣಿಗೆ ಹೊಡೆಯೋ ಹಾಗಿದೆ. ಆದ್ರೂ ಬೀದಿ ಕುಸಿದಿಲ್ಲ, ನಿಂತಿದೆ. ಆ ಸಿಗ್ನಲ್ ನೋಡಿ, ನಿಲ್ಲೋ ಜಾಗದಲ್ಲಿ ಹೋಗು ಅಂತಿದೆ. ಇಷ್ಟು ವರ್ಷದಲ್ಲಿ ಇಲ್ಲಿ ಇಂಥ ಎದೆಗಾರಿಕೆ ನಾನು ಕಂಡಿಲ್ಲ. ಹೇಳಿ, ಯಾಕೆ ಹೀಗೆ ಮಾಡಿದ್ರಿ?"

ಮೈಕ್ ಇವರ ಬಾಯಿಯ ಹತ್ತಿರ ಬಂತು. ಗೋಡೆ ಸಿಕ್ಕಿಯಾಯಿತು ಅಂತ ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಾಯಿತು. ನನಗೂ ಗೊತ್ತಾಯಿತು. ಹೇಳಿ, ಮನಸ್ಸಿಗೆ ಹಾಗೆ ಬಂತು ಅನ್ನಿ, ಎರಡು ಮಾತು ಸಾಕು ಎಂದು ಮನಸ್ಸಿನಲ್ಲೇ ಕೂಗಿಕೊಂಡೆ. ನನ್ನ ತಪ್ಪು ಮಣ್ಣಾಗಿ ಹೋಗುತ್ತದೆ, ನಿಮ್ಮ ಹೆಸರು ಗೋಡೆ ಹತ್ತುತ್ತದೆ, ಯಾರಿಗೂ ನಷ್ಟವಿಲ್ಲ. ಹೇಳ್ರೀ!

ಇವರು ಹಾಳೆಯನ್ನು ನೋಡಿದರು.

"ಗೋಡೆ ಹಸಿರಾಗಿದ್ಯಾ?" ಎಂದು ಕೇಳಿದರು.

ಜನ ಗೊಳ್ಳೆಂದು ನಕ್ಕರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡರು. ದೊಡ್ಡಮ್ಮ ಮಾತ್ರ ನಗಲಿಲ್ಲ.

"ನಂಗೆ ಕೆಂಪು, ಹಸಿರು, ಕಂದು ಬೇರೆಬೇರೆಯಾಗಿ ಕಾಣಲ್ಲ ಅಮ್ಮ. ಹುಟ್ಟಿದಾಗಿನಿಂದ. ಬಟ್ಟಲಿನ ಜಾಗ ಗುರುತಿಟ್ಕೊಂಡು ಬರೀತೀನಿ. ಇವತ್ತು ಜಾಗ ತಪ್ಪಿದೆ. ಎದೆಗಾರಿಕೆ ಅಲ್ಲ, ತಪ್ಪು."

ನಗು ಒಂದೊಂದಾಗಿ ಆರಿತು. ಬಿಲ್ಲೆಯವನ ಕೈಯಲ್ಲಿ ಮೈಕ್ ಕೀಚ್ ಅಂದಿತು. ದೊಡ್ಡಮ್ಮ ಹಾಳೆಯ ಹತ್ತಿರಕ್ಕೆ ಬಗ್ಗಿ ನೋಡಿ, "ಹೇಳದಿದ್ರೆ ನಡೀತಿತ್ತಲ್ಲಪ್ಪ" ಅಂದರು.

"ನಡೀತಿತ್ತು. ಆದ್ರೆ ನಾನು ಮಾಡದ ಕೆಲಸದ ಮೇಲೆ ನನ್ನ ಹೆಸರು ಬರ್ತಿತ್ತು. ಅದು ಹೇಗಿರುತ್ತೆ ಅಂತ ಇನ್ನೊಂದು ಕಡೆಯಿಂದ ನೋಡಿದ್ದೀನಿ."

"ಹಾಗಾದ್ರೆ ಇದರಲ್ಲಿ ನಿಮ್ಮದು ಯಾವುದು?"

"ನೆರಳು."

"ಅದಕ್ಕೆ ಸಹಿ ಹಾಕ್ತೀರಾ?"

ಇವರು ಜೇಬಿನಿಂದ ಪೆನ್ಸಿಲ್ ತೆಗೆದು ಬಗ್ಗಿ, ತಂಗುದಾಣದ ಕೆಳಗಿನ ಗಾಢ ನೆರಳಿನ ಒಳಗೆ ತಮ್ಮ ಪೂರ್ತಿ ಹೆಸರು ಬರೆದರು. ಹತ್ತಿರ ಹೋಗಿ ಹಾಳೆಯನ್ನು ಓರೆ ಮಾಡಿದರೆ ಮಾತ್ರ ಕಾಣುವ ಹಾಗೆ.

ಬಸ್ಸಿನ ಹಿಂಬದಿ ಬರೆದ ಒಬ್ಬ ಹೆಣ್ಣುಮಗಳಿಗೆ ಗೋಡೆ ಹೋಯಿತು. ಚೆನ್ನಾಗಿಯೇ ಬರೆದಿದ್ದಳು, ಸುಳ್ಳೇಕೆ ಹೇಳಲಿ. ದೊಡ್ಡಮ್ಮ ಇವರಿಗೆ ಸಮಾಧಾನದ ಬಹುಮಾನ ಗಿಹುಮಾನ ಎಂದು ಏನೂ ಕೊಡಲಿಲ್ಲ. ಹೊರಡುವಾಗ ಇವರ ಭುಜದ ಮೇಲೆ ಕೈಯಿಟ್ಟು ಹೋದರು, ಅಷ್ಟೇ.

ಮನೆಯವರೆಗೆ ನಾನು ಬಾಯಿ ಬಿಡಲಿಲ್ಲ. ನನ್ನ ಮಟ್ಟಿಗೆ ಅದು ದಾಖಲೆ. ಬಾಗಿಲು ಹಾಕಿದ ಮೇಲೆ ಕಟ್ಟೆ ಒಡೆಯಿತು.

"ಮೂವತ್ತು ವರ್ಷ ನನ್ನ ಕಿವಿ ಮೇಲೆ ಹೂ ಇಟ್ರಲ್ಲ! ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಗೊತ್ತಿದ್ರೆ ನಾನು ಆ ದರಿದ್ರ ಡಬ್ಬೀನ ಮುಟ್ತಿದ್ನಾ? ನನ್ನ ಕೈಯಾರೆ ನಿಮ್ಮ ಗೋಡೆ ಬೀಳಿಸಿದ್ನಲ್ರೀ!" ಎಂದು ಕೂಗಿ, ಕೂಗುತ್ತಲೇ ಅತ್ತೆ.

ಇವರು ಶೂ ಬಿಚ್ಚುತ್ತಾ, "ಮೊದಲ ದಿನ ನೀನೇ ಹೇಳಿದ್ದೆ" ಅಂದರು.

"ನಾನಾ? ಏನು?"

"ಸ್ಟುಡಿಯೋ ಪರದೆ ಹೊಲಿಸೋಕೆ ದಾರ ತಗೊಳ್ಳೋಕೆ ನಿನ್ನ ಅಂಗಡಿಗೆ ಬಂದಿದ್ದೆ. ನೀನು ಎರಡು ಉರುಳೆ ಇಟ್ಟು ಯಾವುದು ಅಂದೆ. ನಾನು ಯಾವುದಾದ್ರೂ ಕೊಡಿ ಅಂದೆ. ಒಂದು ಹಸಿರು ಒಂದು ಕಂದು, ಅಷ್ಟೂ ಗೊತ್ತಾಗದ ಗಂಡಸನ್ನ ಯಾವಳು ಕಟ್ಕೋತಾಳೋ ಅಂತ ನೀನು ನಕ್ಕೆ. ನಂಗೆ ಆಗ್ಲೇ ನೀನು ಬೇಕಾಗಿದ್ದೆ. ಆಮೇಲೆ ಹೇಳೋಣ ಹೇಳೋಣ ಅಂತ ಮೂವತ್ತು ವರ್ಷ ಆಗೋಯ್ತು."

ನನಗೆ ಆ ಮಾತು ನೆನಪೇ ಇರಲಿಲ್ಲ. ದಿನಕ್ಕೆ ಹತ್ತು ಜನರಿಗೆ ಹಾಗೆ ನಗುತ್ತಿದ್ದ ವಯಸ್ಸು. ನಾಲಿಗೆಗೆ ಎಲುಬಿಲ್ಲ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

"ಕತ್ತಲೆ ಕೋಣೆಯಲ್ಲಿ ಸುಖವಾಗಿದ್ದೆ" ಅಂದರು ಇವರು. "ಆ ಕೆಂಪು ದೀಪದ ಕೆಳಗೆ ಯಾರೇ ಒಳಗೆ ಬರಲಿ, ಎಲ್ರಿಗೂ ನನ್ನ ಹಾಗೇ ಕಾಣ್ತಿತ್ತು."

ನಾನು ಮುಖ ತೊಳೆದುಕೊಂಡು ಬಂದೆ. ಡಬ್ಬಿಯನ್ನು ಊಟದ ಮೇಜಿನ ಮೇಲೆ ಬಿಚ್ಚಿದೆ. "ಜಾಗ ಹೇಳಿ, ಇಡ್ತೀನಿ" ಅಂದೆ. ಅವರು ಟ್ಯೂಬುಗಳ ಹೆಸರನ್ನು ಒಂದೊಂದಾಗಿ ಹೇಳಿದರು. ನಾನು ಬಟ್ಟಲು ಹುಡುಕಿ, ಒಂದು ಪಟ್ಟಿ ಕಾಗದದ ಮೇಲೆ ಬ್ರಶ್ಶಿನಿಂದ ಬಣ್ಣ ಎಳೆದು ಖಾತ್ರಿ ಮಾಡಿಕೊಂಡು, ಅವರು ಹೇಳಿದ ಜಾಗಕ್ಕೆ ಕೂರಿಸಿದೆ. ಕಂದು, ಹಸಿರು, ಕೆಂಪು, ಕಂದು, ಕೆಂಪು, ಕಂದು, ಕೆಂಪು, ಹಸಿರು. ಅದೇ ತಲೆಬುಡವಿಲ್ಲದ ಸಾಲು.

"ಇದೇನ್ರೀ ಲೆಕ್ಕ?" ಅಂದೆ.

"ಕಣ್ಣು ಅರ್ಧ ಮುಚ್ಚಿ ನೋಡು."

"ಆಂ?"

"ಪೂರ್ತಿ ಬೇಡ. ರೆಪ್ಪೆ ಸಂದಿಯಿಂದ ನೋಡು."

ಪಟ್ಟಿ ಕಾಗದ ಹಿಡಿದು ಕಣ್ಣು ಕಿರಿದು ಮಾಡಿದೆ. ಕೆಂಪು ಹೋಯಿತು, ಹಸಿರು ಹೋಯಿತು. ಎಡಗಡೆ ಎಲ್ಲಕ್ಕಿಂತ ತಿಳಿಯಾದದ್ದು, ಅದಕ್ಕಿಂತ ಒಂದು ಚೂರು ಕಪ್ಪು, ಮತ್ತೊಂದು ಚೂರು ಕಪ್ಪು, ಹೀಗೆ ಎಂಟು ಮೆಟ್ಟಿಲು ಒಂದೂ ತಪ್ಪದೆ ಕೆಳಗಿಳಿದು ಬಲಗಡೆ ಕತ್ತಲಾಯಿತು. ಮೂವತ್ತೆರಡು ವರ್ಷ ದಾರ ಜೋಡಿಸಿದ ನನ್ನ ಕಣ್ಣು ಇಷ್ಟು ಅಚ್ಚುಕಟ್ಟಾದ ಸಾಲನ್ನು ಎಂದೂ ಜೋಡಿಸಿರಲಿಲ್ಲ. ಇದನ್ನೇ ನಾನು ಸರಿಮಾಡಲು ಹೋಗಿದ್ದು. ನನಗೆ ಮತ್ತೆ ಅಳು ಬಂತು, ಈ ಸಲ ಸದ್ದಿಲ್ಲದೆ.

"ಕಾಣ್ತಾ?" ಎಂದು ಕೇಳಿದರು. ಅವರ ದನಿ ಹಾಗೆ ಹೆದರಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ಕಾಣ್ತು" ಅಂದೆ.

ಪಟ್ಟಿಯನ್ನು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಹಸಿರು ಗೋಡೆಯ ಚಿತ್ರ ನಮ್ಮ ಮುಂಬಾಗಿಲಿನ ಒಳಗೆ, ಬಂದವರಿಗೆ ಮೊದಲು ಕಾಣುವ ಜಾಗದಲ್ಲಿದೆ. ಹೆಸರೆಲ್ಲಿ ಎಂದು ಕೇಳಿದವರನ್ನು ಹತ್ತಿರ ಕರೆದು ನೆರಳು ತೋರಿಸುತ್ತೇನೆ. ಮುಂದಿನ ವರ್ಷಕ್ಕೆ ಅರ್ಜಿ ಹಾಕಿದ್ದಾರೆ. ಡಬ್ಬಿ ಮತ್ತೆ ಹೊಲಸಾಗಿದೆ, ನಾನು ಮುಟ್ಟುವುದಿಲ್ಲ. ಟೊಮೆಟೊ ಮಾತ್ರ ಈಗ ನಾನೇ ಹೋಗಿ ತರುತ್ತೇನೆ.